ಲೂಪಸ್ ಮತ್ತು ಮೂತ್ರಪಿಂಡ: ಪರೀಕ್ಷೆಯಿಂದ ಕಸಿಯವರೆಗಿನ ಆಯ್ಕೆಗಳ ಹೋಲಿಕೆ

ದೇಹದ ರೋಗನಿರೋಧಕ ಶಕ್ತಿ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ರೋಗವಾದ ಲೂಪಸ್ ಕೀಲುಗಳನ್ನು ಹಿಡಿದರೆ ನೋವಿನಿಂದ ಗೊತ್ತಾಗುತ್ತದೆ, ಚರ್ಮವನ್ನು ಹಿಡಿದರೆ ಕೆನ್ನೆಯ ಕೆಂಪಿನಿಂದ ಗೊತ್ತಾಗುತ್ತದೆ. ಮೂತ್ರಪಿಂಡವನ್ನು ಹಿಡಿದರೆ ಬಹುಕಾಲ ಏನೂ ಗೊತ್ತಾಗುವುದಿಲ್ಲ. ಈ ರೋಗವಿರುವ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು, ಅವರಲ್ಲಿಯೂ ಬಹುಪಾಲು ಜನ ಹದಿಹರೆಯದಿಂದ ನಲವತ್ತೈದರ ಒಳಗಿನವರು. ಹತ್ತರಲ್ಲಿ ಸುಮಾರು ನಾಲ್ವರಿಗೆ ಒಂದಲ್ಲ ಒಂದು ಹಂತದಲ್ಲಿ, ಹೆಚ್ಚಾಗಿ ರೋಗ ಪತ್ತೆಯಾದ ಮೊದಲ ಕೆಲವು ವರ್ಷಗಳಲ್ಲಿಯೇ, ಮೂತ್ರಪಿಂಡದ ಉರಿಯೂತ ಕಾಣಿಸಿಕೊಳ್ಳುತ್ತದೆ. ಲೂಪಸ್ ನೆಫ್ರೈಟಿಸ್ ಎಂದು ವೈದ್ಯರು ಕರೆಯುವುದು ಇದನ್ನೇ.

ನಲವತ್ತು ವರ್ಷಗಳ ಹಿಂದೆ ಇದಕ್ಕೆ ಮುಖ್ಯವಾಗಿ ಉರಿಯೂತ ತಣಿಸುವ ಸ್ಟೀರಾಯ್ಡ್ ಮತ್ತು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಸೈಕ್ಲೋಫಾಸ್ಫಮೈಡ್ ಬಳಕೆಯಲ್ಲಿದ್ದವು. ಇಂದು ಚೀಟಿಯಲ್ಲಿ ಬರಬಹುದಾದ ಹೆಸರುಗಳು ಅನೇಕ. ಹಾಗಾಗಿ ರೋಗಿಯ ಮನೆಯವರು ಮೊದಲು ಕೇಳುವ ಪ್ರಶ್ನೆ, ಇವುಗಳಲ್ಲಿ ಎಲ್ಲಕ್ಕಿಂತ ಬಲವಾದ ಔಷಧ ಯಾವುದು ಎಂಬುದು. ಹೋಲಿಕೆಯ ಪ್ರಯೋಗಗಳನ್ನು ಓದುತ್ತಾ ಹೋದರೆ ಆ ಪ್ರಶ್ನೆಗೆ ಅಷ್ಟೇನೂ ತೂಕ ಉಳಿಯುವುದಿಲ್ಲ, ಏಕೆಂದರೆ ಮುಖ್ಯ ಔಷಧಗಳ ಫಲ ಬಹಳಷ್ಟು ಕಡೆ ಒಂದರ ಸಮೀಪಕ್ಕೆ ಇನ್ನೊಂದು ಬರುತ್ತದೆ; ನಿಜವಾದ ವ್ಯತ್ಯಾಸವಿರುವುದು ಅಡ್ಡಪರಿಣಾಮ, ಗರ್ಭಧಾರಣೆ, ಖರ್ಚು ಮತ್ತು ಆಸ್ಪತ್ರೆಗೆ ಹೋಗಿಬರುವ ಶ್ರಮದಲ್ಲಿ. ಮೂರು ವರ್ಷ ಬಿಡದೆ ತೆಗೆದುಕೊಳ್ಳಲು ಈ ರೋಗಿಗೆ, ಈ ಮನೆಯ ಸ್ಥಿತಿಯಲ್ಲಿ, ಯಾವುದು ಸಾಧ್ಯ ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ಈ ಹೋಲಿಕೆಯನ್ನು ಬರೆಯಲಾಗಿದೆ. ಪ್ರಮಾಣ ನಿರ್ಧರಿಸುವುದು ಚಿಕಿತ್ಸೆ ನೀಡುವ ವೈದ್ಯರ ಕೆಲಸ. ಅವರೆದುರು ಕುಳಿತಾಗ ಏನು ಕೇಳಬೇಕೆಂಬುದು ಓದುಗರಿಗೆ ತಿಳಿದಿರಲಿ ಎಂಬುದಷ್ಟೇ ಇಲ್ಲಿನ ಉದ್ದೇಶ.

ಯಾವ ಪರೀಕ್ಷೆಯನ್ನು ನಂಬಬೇಕು

ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಶ್ಮಲವಾದ ಕ್ರಿಯಾಟಿನಿನ್ ರಕ್ತದಲ್ಲಿ ಎಷ್ಟಿದೆ ಎಂದು ನೋಡುವ ಪರೀಕ್ಷೆ ಎಲ್ಲರಿಗೂ ಪರಿಚಿತ, ಅಗ್ಗವೂ ಹೌದು, ಆದರೆ ಲೂಪಸ್ ಇರುವ ತರುಣಿಯರ ವಿಷಯದಲ್ಲಿ ಅದು ಎಚ್ಚರಿಸುವ ಹೊತ್ತಿಗೆ ತಡವಾಗಿರುತ್ತದೆ. 28 ವರ್ಷದ ಮಹಿಳೆಯೊಬ್ಬರ ಕ್ರಿಯಾಟಿನಿನ್ ಡೆಸಿಲೀಟರಿಗೆ 0.6 ಮಿಲಿಗ್ರಾಂನಿಂದ 1.0ಕ್ಕೆ ಏರಿತೆಂದುಕೊಳ್ಳಿ. ಪ್ರಯೋಗಾಲಯದ ವರದಿಯಲ್ಲಿ ಎರಡೂ ಅಂಕಿಗಳು ಸಾಮಾನ್ಯ ಮಿತಿಯೊಳಗೇ ಇರಬಹುದು. ಆದರೆ ವಯಸ್ಸು ಮತ್ತು ಲಿಂಗವನ್ನು ಸೇರಿಸಿ 2021ರ ಸೂತ್ರದಂತೆ ಲೆಕ್ಕ ಹಾಕಿದರೆ ಅವರ ಮೂತ್ರಪಿಂಡದ ಸೋಸುವ ಸಾಮರ್ಥ್ಯ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್‌ನಿಂದ 79ಕ್ಕೆ ಇಳಿದಿರುತ್ತದೆ. ಆದ್ದರಿಂದ ವರದಿಯ ಅಂಕಿಯನ್ನು ಪಕ್ಕದಲ್ಲಿ ಅಚ್ಚಾಗಿರುವ ಮಿತಿಯೊಡನೆ ಹೋಲಿಸುವುದಕ್ಕಿಂತ ತಮ್ಮದೇ ಹಿಂದಿನ ವರದಿಯೊಡನೆ ಹೋಲಿಸುವುದು ಮುಖ್ಯ, ಹಳೆಯ ವರದಿಗಳನ್ನು ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿ ಇಟ್ಟುಕೊಳ್ಳುವುದು ಇನ್ನೂ ಮುಖ್ಯ.

ಮೂತ್ರಪಿಂಡ ತೊಂದರೆಯಲ್ಲಿದೆ ಎಂದು ಮೊದಲು ಹೇಳುವುದು ಮೂತ್ರ. ಅದರಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ನೋಡಲು ಮೂರು ದಾರಿಗಳಿವೆ. ಬಣ್ಣ ಬದಲಿಸುವ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ನೋಡುವುದು ಮನೆಯಲ್ಲಿಯೂ ಸಾಧ್ಯ, ಆದರೆ ನೀರು ಹೆಚ್ಚು ಕುಡಿದ ದಿನ ಅದು ಕಡಿಮೆ ತೋರಿಸುತ್ತದೆ, ನೀರು ಕಡಿಮೆಯಾದ ದಿನ ಹೆಚ್ಚು ತೋರಿಸುತ್ತದೆ. ಇಪ್ಪತ್ನಾಲ್ಕು ಗಂಟೆಗಳ ಮೂತ್ರವನ್ನು ಕ್ಯಾನಿನಲ್ಲಿ ಸಂಗ್ರಹಿಸಿ ಕೊಡುವುದು ಸರಿಯಾಗಿ ಮಾಡಿದರೆ ಅತ್ಯಂತ ನಿಖರವಾದ ದಾರಿ. ಕೆಲಸಕ್ಕೆ ಹೋಗುವವರಿಗೆ, ಬಸ್ಸಿನಲ್ಲಿ ಓಡಾಡುವವರಿಗೆ ಅದನ್ನು ಸರಿಯಾಗಿ ಮಾಡುವುದೇ ಕಷ್ಟ, ಒಂದು ಸಲದ ಮೂತ್ರ ತಪ್ಪಿಹೋದರೂ ಲೆಕ್ಕ ಕೆಡುತ್ತದೆ. ಬೆಳಗಿನ ಮೊದಲ ಮೂತ್ರದಲ್ಲಿ ಪ್ರೋಟೀನ್ ಮತ್ತು ಕ್ರಿಯಾಟಿನಿನ್‌ಗಳ ಅನುಪಾತವನ್ನು ಅಳೆಯುವ ಮೂರನೆಯ ದಾರಿ ಇವೆರಡರ ನಡುವಿನದು. ಮೂರು ತಿಂಗಳಿಗೊಮ್ಮೆ ಮಾಡಿಸಬೇಕಾದ ಪರೀಕ್ಷೆಯಾಗಿ ನಾನು ಇದನ್ನೇ ಮುಂದಿಡುತ್ತೇನೆ, ಔಷಧ ಬದಲಿಸುವಂತಹ ದೊಡ್ಡ ನಿರ್ಧಾರ ಎದುರಾದಾಗ ಮಾತ್ರ ಒಮ್ಮೆ ಇಪ್ಪತ್ನಾಲ್ಕು ಗಂಟೆಗಳ ಸಂಗ್ರಹ ಸಾಕು. ಇದರ ಜೊತೆಗೆ ಸೂಕ್ಷ್ಮದರ್ಶಕದಲ್ಲಿ ಮೂತ್ರವನ್ನು ನೋಡಿ ಕೆಂಪು ರಕ್ತಕಣಗಳನ್ನು ಹುಡುಕುವುದು, ರಕ್ತದಲ್ಲಿ ಲೂಪಸ್ ಕೆರಳಿದಾಗ ಖರ್ಚಾಗುವ ಸಿ3 ಮತ್ತು ಸಿ4 ಎಂಬ ಪ್ರೋಟೀನ್‌ಗಳ ಮಟ್ಟ ಇಳಿದಿದೆಯೇ, ಡಿಎನ್‌ಎ ವಿರುದ್ಧದ ಪ್ರತಿಕಾಯ ಏರಿದೆಯೇ ಎಂದು ನೋಡುವುದು ವಾಡಿಕೆ. ಪಾದದ ಬಾವು, ಮೂತ್ರದಲ್ಲಿ ಆರದ ನೊರೆ, ಹೊಸದಾಗಿ ಏರಿದ ಬಿ.ಪಿ. ಕಂಡರಂತೂ ಮೂರು ತಿಂಗಳ ಸರದಿಗಾಗಿ ಕಾಯಬಾರದು.

ಬಯಾಪ್ಸಿ ಈಗಲೇ ಬೇಕೇ, ಕಾದು ನೋಡಬಹುದೇ

ದಿನಕ್ಕೆ ಅರ್ಧ ಗ್ರಾಂಗಿಂತ ಹೆಚ್ಚು ಪ್ರೋಟೀನ್ ಸೋರುತ್ತಿದ್ದರೆ, ಅಥವಾ ಬೇರೆ ಕಾರಣವಿಲ್ಲದೆ ಕ್ರಿಯಾಟಿನಿನ್ ಏರುತ್ತಿದ್ದರೆ, ಬಯಾಪ್ಸಿಯ ಮಾತು ಬರುತ್ತದೆ. ಸೂಜಿಯಿಂದ ಮೂತ್ರಪಿಂಡದ ಚೂರು ತೆಗೆಯುವುದೆಂದರೆ ಮನೆಯವರು ಹೆದರುವುದು ಸಹಜ, ಮೊದಲು ಮಾತ್ರೆ ಕೊಟ್ಟು ನೋಡೋಣ ಎಂಬ ಸಲಹೆ ಆಗ ಹಿತವಾಗಿ ಕೇಳಿಸುತ್ತದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಬಯಾಪ್ಸಿಯ ಮುಖ್ಯ ಅಪಾಯ ರಕ್ತಸ್ರಾವ. ಅಲ್ಟ್ರಾಸೌಂಡ್ ನೋಡಿಕೊಂಡು ಮಾಡುವುದರಿಂದ ಗಂಭೀರ ರಕ್ತಸ್ರಾವ ವಿರಳ, ಒಂದು ದಿನ ಆಸ್ಪತ್ರೆಯಲ್ಲಿ ಮಲಗಿರಬೇಕಾಗುತ್ತದೆ, ಆಸ್ಪಿರಿನ್ ಮುಂತಾದ ರಕ್ತ ತೆಳುವಾಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರೆ ಮುಂಚಿತವಾಗಿ ತಿಳಿಸಬೇಕಾಗುತ್ತದೆ. ಕಾದು ನೋಡುವುದರ ಅಪಾಯ ಕಣ್ಣಿಗೆ ಬೀಳದು, ಆದರೆ ಅದು ದೊಡ್ಡದು, ಏಕೆಂದರೆ ಮೂತ್ರದ ವರದಿ ಒಂದೇ ತೆರನಾಗಿದ್ದರೂ ಒಳಗಿನ ರೋಗ ಬೇರೆಬೇರೆಯಾಗಿರಬಹುದು.

2003ರಿಂದ ಬಳಕೆಯಲ್ಲಿರುವ ವರ್ಗೀಕರಣ ಲೂಪಸ್ ನೆಫ್ರೈಟಿಸನ್ನು ಆರು ವರ್ಗಗಳಾಗಿ ವಿಂಗಡಿಸುತ್ತದೆ. ಒಂದು ಮತ್ತು ಎರಡನೆಯ ವರ್ಗಗಳಿಗೆ ಸಾಮಾನ್ಯವಾಗಿ ತೀವ್ರ ಚಿಕಿತ್ಸೆ ಬೇಡ. ಮೂರು ಮತ್ತು ನಾಲ್ಕನೆಯವು ಉರಿಯೂತ ಜೋರಾಗಿರುವ ವರ್ಗಗಳು, ಇವುಗಳಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಬೇಕೇ ಬೇಕು. ಐದನೆಯದರಲ್ಲಿ ಪ್ರೋಟೀನ್ ಸೋರಿಕೆಯೇ ಪ್ರಧಾನ, ಅದು ಮೂರು ಅಥವಾ ನಾಲ್ಕರ ಜೊತೆಗೂಡಿಯೂ ಬರುವುದುಂಟು. ಆರನೆಯ ವರ್ಗದಲ್ಲಿ ಮೂತ್ರಪಿಂಡದ ಸೋಸುವ ಗೊಂಚಲುಗಳೆಲ್ಲ ಹೆಚ್ಚುಕಡಿಮೆ ಗಾಯದ ಕಲೆಯಾಗಿ ಗಟ್ಟಿಯಾಗಿರುತ್ತವೆ. ಅಲ್ಲಿ ಬಲವಾದ ಔಷಧ ಕೊಟ್ಟರೆ ಸೋಂಕು ಬರುತ್ತದೆಯೇ ಹೊರತು ಮೂತ್ರಪಿಂಡ ಮರಳಿ ಬರುವುದಿಲ್ಲ. ಯಾವ ವರ್ಗ, ಅದರಲ್ಲಿ ಈಗ ಉರಿಯುತ್ತಿರುವ ಭಾಗವೆಷ್ಟು, ಈಗಾಗಲೇ ಕಲೆಯಾಗಿರುವ ಭಾಗವೆಷ್ಟು ಎಂಬ ವಿವರ ಬಯಾಪ್ಸಿಯಿಂದಲ್ಲದೆ ಸಿಗುವುದಿಲ್ಲ. ಆದ್ದರಿಂದ ರಕ್ತಸ್ರಾವದ ವಿಶೇಷ ಅಪಾಯವಿಲ್ಲದವರಲ್ಲಿ ನನ್ನ ಒಲವು ಸ್ಪಷ್ಟವಾಗಿ ಬಯಾಪ್ಸಿಯ ಕಡೆಗಿದೆ. ಚೂರನ್ನು ಇಮ್ಯುನೊಫ್ಲೋರೆಸೆನ್ಸ್ ಪರೀಕ್ಷೆಗೂ (ಅಂಟಿಕೊಂಡ ಪ್ರತಿಕಾಯಗಳನ್ನು ಹೊಳೆಯುವ ಬಣ್ಣದಿಂದ ಗುರುತಿಸುವುದು) ಕಳುಹಿಸುತ್ತಾರೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು, ಅದಿಲ್ಲದ ವರದಿ ಅರೆಬರೆಯಾಗುತ್ತದೆ. ಆದರೆ ಕ್ರಿಯಾಟಿನಿನ್ ದಿನದಿಂದ ದಿನಕ್ಕೆ ಏರುತ್ತಿರುವಾಗ ಬಯಾಪ್ಸಿಯ ದಿನಾಂಕಕ್ಕಾಗಿ ಸ್ಟೀರಾಯ್ಡನ್ನು ತಡೆದಿಡುವುದು ಸರಿಯಲ್ಲ. ಅಂತಹ ಸಂದರ್ಭದಲ್ಲಿ ಚಿಕಿತ್ಸೆ ಆರಂಭಿಸಿ ಕೆಲವೇ ದಿನಗಳಲ್ಲಿ ಬಯಾಪ್ಸಿ ಮಾಡುತ್ತಾರೆ.

ಮೊದಲ ಆರು ತಿಂಗಳು: ಡ್ರಿಪ್ಪೋ, ಮಾತ್ರೆಯೋ

ಮೂರು ಮತ್ತು ನಾಲ್ಕನೆಯ ವರ್ಗದವರಿಗೆ ಎದುರಾಗುವ ದೊಡ್ಡ ಕವಲುದಾರಿ ಇದು. ಒಂದು ಕಡೆ ರಕ್ತನಾಳದ ಮೂಲಕ ಕೊಡುವ ಸೈಕ್ಲೋಫಾಸ್ಫಮೈಡ್, ಇನ್ನೊಂದು ಕಡೆ ದಿನಕ್ಕೆರಡು ಹೊತ್ತು ನುಂಗುವ ಮೈಕೋಫೆನೊಲೇಟ್. 2009ರಲ್ಲಿ ಪ್ರಕಟವಾದ ಆಲ್ಮ್ಸ್ ಎಂಬ ಅಂತರರಾಷ್ಟ್ರೀಯ ಪ್ರಯೋಗದಲ್ಲಿ 370 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದಾಗ ಆರು ತಿಂಗಳ ಕೊನೆಗೆ ಮೈಕೋಫೆನೊಲೇಟ್ ಪಡೆದವರಲ್ಲಿ ಶೇಕಡಾ 56, ಸೈಕ್ಲೋಫಾಸ್ಫಮೈಡ್ ಪಡೆದವರಲ್ಲಿ ಶೇಕಡಾ 53 ಮಂದಿಗೆ ಗುಣ ಕಂಡಿತು. ಅಂದರೆ ಹೆಚ್ಚುಕಡಿಮೆ ಸಮ.

ಸೈಕ್ಲೋಫಾಸ್ಫಮೈಡ್‌ನಲ್ಲಿಯೇ ಎರಡು ಪದ್ಧತಿಗಳಿವೆ, ಇವುಗಳ ವ್ಯತ್ಯಾಸ ತಿಳಿದಿರುವುದು ರೋಗಿಗೆ ಬಹಳ ಉಪಯುಕ್ತ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಿಂದ ಬಂದ ಹಳೆಯ ಪದ್ಧತಿಯಲ್ಲಿ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಅರ್ಧದಿಂದ ಒಂದು ಗ್ರಾಂನಂತೆ ತಿಂಗಳಿಗೊಮ್ಮೆ, ಆರು ಸಲ ಕೊಡುತ್ತಾರೆ. ಒಂದೂವರೆ ಚದರ ಮೀಟರ್ ಮೈಯಳತೆಯವರಿಗೆ ಒಟ್ಟು 4.5ರಿಂದ 9 ಗ್ರಾಂ ಆಗುತ್ತದೆ. ಯೂರೋ-ಲೂಪಸ್ ಎಂದು ಹೆಸರಾದ ಪದ್ಧತಿಯಲ್ಲಿ ಎರಡು ವಾರಕ್ಕೊಮ್ಮೆ 500 ಮಿಲಿಗ್ರಾಂನಂತೆ ಆರು ಸಲ, ಒಟ್ಟು 3 ಗ್ರಾಂ. ಯುರೋಪಿನ 90 ರೋಗಿಗಳ ಪ್ರಯೋಗದಲ್ಲಿ ಹತ್ತು ವರ್ಷಗಳ ನಂತರವೂ ಎರಡು ಗುಂಪುಗಳ ಮೂತ್ರಪಿಂಡದ ಸ್ಥಿತಿ ಸಮಾನವಾಗಿತ್ತು. ಯುರೋಪಿನ ಫಲಿತಾಂಶ ನಮ್ಮವರಿಗೆ ಅನ್ವಯಿಸುತ್ತದೆಯೇ ಎಂಬ ಸಂದೇಹ ನ್ಯಾಯವಾದದ್ದೇ. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ವೈದ್ಯರು 100 ರೋಗಿಗಳಲ್ಲಿ ಕಡಿಮೆ ಪ್ರಮಾಣದ ಸೈಕ್ಲೋಫಾಸ್ಫಮೈಡ್ ಮತ್ತು ಮೈಕೋಫೆನೊಲೇಟ್‌ಗಳನ್ನು ಹೋಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡೂ ಸಮನಾಗಿ ಕೆಲಸ ಮಾಡಿದವು. ಪುದುಚೇರಿಯ ಜಿಪ್ಮರ್‌ನಿಂದ 2018ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ ಮಾತ್ರ ಕಡಿಮೆ ಪ್ರಮಾಣಕ್ಕಿಂತ ಹೆಚ್ಚಿನ ಪ್ರಮಾಣ ಪಡೆದವರ ಫಲ ಮೇಲಾಗಿತ್ತು. ಹಾಗಾಗಿ ಮೂತ್ರಪಿಂಡ ವೇಗವಾಗಿ ಕೆಡುತ್ತಿರುವವರಲ್ಲಿ ವೈದ್ಯರು ಹೆಚ್ಚಿನ ಪ್ರಮಾಣದತ್ತ ಹೋದರೆ ಅದಕ್ಕೆ ಆಧಾರವಿದೆ, ಉಳಿದವರಲ್ಲಿ ಕಡಿಮೆ ಪ್ರಮಾಣ ಸಾಕಾಗುವ ಸಾಧ್ಯತೆಯೇ ಹೆಚ್ಚು.

ಮಕ್ಕಳು ಬೇಕೆನ್ನುವ ಆಸೆ ಇರುವವರಿಗೆ ಈ ಲೆಕ್ಕ ಬದಲಾಗುತ್ತದೆ. ಸೈಕ್ಲೋಫಾಸ್ಫಮೈಡ್ ಅಂಡಾಶಯವನ್ನು ಶಾಶ್ವತವಾಗಿ ಹಾಳುಮಾಡಬಲ್ಲದು. ವಯಸ್ಸು ಮೂವತ್ತು ದಾಟಿದಷ್ಟೂ, ಒಟ್ಟು ಪ್ರಮಾಣ ಏರಿದಷ್ಟೂ ಅಪಾಯ ಹೆಚ್ಚು. 3 ಗ್ರಾಂನ ಪದ್ಧತಿಯಲ್ಲಿ ಈ ಅಪಾಯ ಬಹಳ ಕಡಿಮೆ. ಮೈಕೋಫೆನೊಲೇಟ್ ಅಂಡಾಶಯಕ್ಕೆ ಕೇಡು ಮಾಡುವುದಿಲ್ಲ, ಆದರೆ ಅದನ್ನು ತೆಗೆದುಕೊಳ್ಳುವಾಗ ಗರ್ಭ ನಿಂತರೆ ಗರ್ಭಪಾತವಾಗುವ, ಮಗುವಿಗೆ ಅಂಗವೈಕಲ್ಯ ಬರುವ ಸಂಭವ ಗಂಭೀರವಾಗಿದೆ. ಗರ್ಭಧಾರಣೆಗೆ ಕನಿಷ್ಠ ಆರು ವಾರ ಮೊದಲು ಅದನ್ನು ನಿಲ್ಲಿಸಿ ಬೇರೆ ಔಷಧಕ್ಕೆ ಬದಲಾಯಿಸಬೇಕು. ಮದುವೆಯಾಗದ ಹುಡುಗಿಗೆ ಈ ಮಾತೇಕೆ ಎಂದು ಮನೆಯವರು ವೈದ್ಯರ ಬಾಯಿ ಮುಚ್ಚಿಸುವುದನ್ನು ಕಂಡಿದ್ದೇನೆ. ಔಷಧ ಆರಂಭಿಸುವ ಮೊದಲೇ ಆಡಬೇಕಾದ ಮಾತು ಇದು, ಸಾಧ್ಯವಾದರೆ ಹುಡುಗಿ ಮತ್ತು ವೈದ್ಯರು ಇಬ್ಬರೇ ಇರುವಾಗ.

ಶ್ರಮ ಮತ್ತು ಖರ್ಚಿನ ದೃಷ್ಟಿಯಿಂದ ನೋಡಿದರೆ ಡ್ರಿಪ್ಪಿನ ಔಷಧ ಅಗ್ಗ, ಕೊಟ್ಟದ್ದು ಖಚಿತ, ನುಂಗಿದರೋ ಇಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಆದರೆ ಬೀದರ್ ಅಥವಾ ರಾಯಚೂರಿನ ಹಳ್ಳಿಯಿಂದ ಎರಡು ವಾರಕ್ಕೊಮ್ಮೆ ದೊಡ್ಡ ಆಸ್ಪತ್ರೆಗೆ ಬರುವ ದಾರಿಖರ್ಚು, ಜೊತೆಗೆ ಬರುವವರ ಕೂಲಿ ನಷ್ಟ ಇವುಗಳನ್ನೂ ಸೇರಿಸಬೇಕು. ಮೈಕೋಫೆನೊಲೇಟ್ ಮನೆಯಲ್ಲಿಯೇ ನಡೆಯುತ್ತದೆ, ದಿನಕ್ಕೆ ಎರಡರಿಂದ ಮೂರು ಗ್ರಾಂ, ನಮ್ಮವರಲ್ಲಿ ಸಾಮಾನ್ಯವಾಗಿ ಎರಡು ಗ್ರಾಂ ಸಾಕಾಗುತ್ತದೆ; ಬೇಧಿ, ಹೊಟ್ಟೆನೋವು ಬಂದು ಅರ್ಧಕ್ಕೇ ಬಿಡುವವರು ಇದ್ದಾರೆ. ಪ್ರಮಾಣವನ್ನು ನಿಧಾನವಾಗಿ ಏರಿಸಿದರೆ ಅಥವಾ ಕರುಳಿನಲ್ಲಿ ಕರಗುವ ಬಗೆಗೆ ಬದಲಾಯಿಸಿದರೆ ಅನೇಕರಿಗೆ ಒಗ್ಗುತ್ತದೆ. ಹೊಟ್ಟೆಯುರಿಗೆ ಕುಡಿಯುವ ಆಂಟಾಸಿಡ್ ದ್ರಾವಣವನ್ನು ಇದರ ಜೊತೆಯಲ್ಲೇ ತೆಗೆದುಕೊಂಡರೆ ಔಷಧ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ತಿಂಗಳ ಮಾತ್ರೆಯನ್ನು ತಪ್ಪದೆ ಕೊಳ್ಳುವ ಅನುಕೂಲವಿದ್ದು, ದಿನಕ್ಕೆರಡು ಹೊತ್ತು ನೆನಪಿನಲ್ಲಿ ನುಂಗುವವರಿಗೆ ಮೈಕೋಫೆನೊಲೇಟನ್ನೂ, ಮಾತ್ರೆ ತಪ್ಪುವ ಸಾಧ್ಯತೆ ಹೆಚ್ಚಿರುವವರಿಗೆ ಕಡಿಮೆ ಪ್ರಮಾಣದ ಡ್ರಿಪ್ಪನ್ನೂ ನಾನು ಸೂಚಿಸುತ್ತೇನೆ. ಯಾವುದನ್ನು ಆರಿಸಿಕೊಂಡರೂ ಆರಂಭಕ್ಕೆ ಮೊದಲು ಕ್ಷಯ ಮತ್ತು ಹೆಪಟೈಟಿಸ್ ಬಿ ಇಲ್ಲವೆಂದು ಪರೀಕ್ಷಿಸಿಕೊಳ್ಳುವುದನ್ನು ನಮ್ಮ ದೇಶದಲ್ಲಿ ಬಿಡುವಂತಿಲ್ಲ.

ಸ್ಟೀರಾಯ್ಡ್ ಎರಡು ದಾರಿಗಳಿಗೂ ಸಾಮಾನ್ಯ. ಮೊದಲೆಲ್ಲ ತೂಕದ ಪ್ರತಿ ಕಿಲೋಗೆ 1 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಕೊಟ್ಟು ತಿಂಗಳುಗಟ್ಟಲೆ ಎಳೆಯುತ್ತಿದ್ದರು. ಈಗಿನ ಯುರೋಪಿನ ಮಾರ್ಗಸೂಚಿ ಒಂದರಿಂದ ಮೂರು ದಿನ ರಕ್ತನಾಳದ ಮೂಲಕ ಕೊಟ್ಟು, ಮಾತ್ರೆಯನ್ನು ಕಿಲೋಗೆ 0.3ರಿಂದ 0.5 ಮಿಲಿಗ್ರಾಂನಿಂದಲೇ ಆರಂಭಿಸಿ, ಕೆಲವು ತಿಂಗಳಲ್ಲಿ ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕಿಂತ ಕೆಳಕ್ಕೆ ತರಬೇಕೆನ್ನುತ್ತದೆ. ಮುಖ ಊದಿಕೊಂಡಿತು ಎಂದು ಸ್ಟೀರಾಯ್ಡನ್ನು ತಟ್ಟನೆ ನಿಲ್ಲಿಸುವುದು ಪ್ರಾಣಕ್ಕೇ ಅಪಾಯ. ಪ್ರಮಾಣ ಯಾವಾಗ ಇಳಿಯುತ್ತದೆ ಎಂಬ ವೇಳಾಪಟ್ಟಿಯನ್ನು ಬರೆಸಿಕೊಂಡು ಬಂದರೆ ಆ ಆತುರ ಎಷ್ಟೋ ಕಡಿಮೆಯಾಗುತ್ತದೆ.

ಮೂರನೆಯ ಔಷಧವನ್ನು ಸೇರಿಸಬೇಕೇ

ಆರಂಭದಿಂದಲೇ ಇನ್ನೊಂದು ಔಷಧ ಸೇರಿಸಿದರೆ ಫಲ ಹೆಚ್ಚುತ್ತದೆ ಎಂಬುದು ಈಚಿನ ಪ್ರಯೋಗಗಳ ಮುಖ್ಯ ಪಾಠ. 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆಲಿಮುಮ್ಯಾಬ್ ಎಂಬ ಚುಚ್ಚುಮದ್ದನ್ನು ಸೇರಿಸಿದ ಶೇಕಡಾ 43 ಮಂದಿಗೆ ಎರಡು ವರ್ಷದ ಕೊನೆಗೆ ಗುಣ ಕಂಡಿತ್ತು, ಸೇರಿಸದವರಲ್ಲಿ ಶೇಕಡಾ 32 ಮಂದಿಗೆ. ನುಂಗುವ ಔಷಧವಾದ ವೋಕ್ಲೋಸ್ಪೊರಿನ್‌ಗೆ ಇದೇ ಬಗೆಯ ಅಂಕಿಗಳು ಒಂದು ವರ್ಷಕ್ಕೆ 41 ಮತ್ತು 23. ಡ್ರಿಪ್ಪಿನಲ್ಲಿ ಕೊಡುವ ಒಬಿನುಟುಜುಮ್ಯಾಬ್‌ಗೆ 2025ರಲ್ಲಿ ಬಂದ ಫಲಿತಾಂಶ 46 ಮತ್ತು 33. ಪ್ರಯೋಗಗಳ ಅಳತೆಗೋಲು ಬೇರೆಬೇರೆಯಾಗಿರುವುದರಿಂದ ಈ ಮೂರನ್ನು ಒಂದಕ್ಕೊಂದು ಎದುರಿಟ್ಟು ಯಾವುದು ಮೇಲು ಎನ್ನಲಾಗದು. ಹಳೆಯ ರಿಟುಕ್ಸಿಮ್ಯಾಬ್ 144 ಮಂದಿಯ ಪ್ರಯೋಗದಲ್ಲಿ ನಿರೀಕ್ಷಿಸಿದ ಲಾಭ ತೋರಿಸಲಿಲ್ಲ. ಆದರೂ ಬೇರೆ ಔಷಧಗಳಿಗೆ ಬಗ್ಗದ ರೋಗದಲ್ಲಿ ವೈದ್ಯರು ಅದನ್ನು ಬಳಸುತ್ತಾರೆ.

ನಮ್ಮಲ್ಲಿ ಹೆಚ್ಚಿನವರ ಕೈಗೆಟುಕುವುದು ವೋಕ್ಲೋಸ್ಪೊರಿನ್‌ನ ಬಂಧುವಾದ ಟ್ಯಾಕ್ರೊಲಿಮಸ್. ಚೀನಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಟ್ಯಾಕ್ರೊಲಿಮಸ್, ಕಡಿಮೆ ಪ್ರಮಾಣದ ಮೈಕೋಫೆನೊಲೇಟ್ ಮತ್ತು ಸ್ಟೀರಾಯ್ಡ್ ಮೂರನ್ನೂ ಕೂಡಿಸಿ ಕೊಟ್ಟಾಗ ಆರು ತಿಂಗಳಲ್ಲಿ ಶೇಕಡಾ 46ರಷ್ಟು ಮಂದಿಗೆ ಪೂರ್ಣ ಗುಣ ಸಿಕ್ಕಿತು, ಸೈಕ್ಲೋಫಾಸ್ಫಮೈಡ್ ಗುಂಪಿನಲ್ಲಿ ಶೇಕಡಾ 26ರಷ್ಟು ಮಂದಿಗೆ. ಪ್ರೋಟೀನ್ ಸೋರಿಕೆ ವಿಪರೀತವಾಗಿರುವ ಐದನೆಯ ವರ್ಗದವರಿಗೆ ಇದು ವಿಶೇಷವಾಗಿ ಒಪ್ಪುತ್ತದೆ, ಗರ್ಭಿಣಿಯರಿಗೂ ಕೊಡಬಹುದು. ಆದರೆ ಇದೇ ಔಷಧ ಹೆಚ್ಚಾದರೆ ಮೂತ್ರಪಿಂಡಕ್ಕೆ ತೊಂದರೆ, ಕೈನಡುಕ, ಬಿ.ಪಿ. ಮತ್ತು ಸಕ್ಕರೆ ಏರಿಕೆ. ಈಗಾಗಲೇ ಸೋಸುವ ಸಾಮರ್ಥ್ಯ 45ಕ್ಕಿಂತ ಕೆಳಗಿಳಿದವರಲ್ಲಿ ವೈದ್ಯರು ಸಾಮಾನ್ಯವಾಗಿ ಹಿಂಜರಿಯುತ್ತಾರೆ. ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ಅಳೆಯಬೇಕು, ಆ ಪರೀಕ್ಷೆಯ ಖರ್ಚನ್ನೂ ಔಷಧದ ಬೆಲೆಗೆ ಸೇರಿಸಿಕೊಳ್ಳಬೇಕು. ಒಂದು ಸಣ್ಣ ಮಾತು: ದೇವನಹಳ್ಳಿಯ ಚಕ್ಕೋತ ಎಷ್ಟೇ ರುಚಿಯಾಗಿದ್ದರೂ ಟ್ಯಾಕ್ರೊಲಿಮಸ್ ನುಂಗುವವರಿಗೆ ಹೇಳಿಮಾಡಿಸಿದ ಹಣ್ಣಲ್ಲ, ಅದು ರಕ್ತದಲ್ಲಿ ಔಷಧದ ಮಟ್ಟವನ್ನು ಏರಿಸಬಲ್ಲದು.

ಸೇರಿಸಬೇಕೋ ಬೇಡವೋ ಎಂಬುದಕ್ಕೆ ಕಾಲಮಿತಿಯೊಂದಿದೆ. ಮೂರು ತಿಂಗಳಲ್ಲಿ ಪ್ರೋಟೀನ್ ಸೋರಿಕೆ ಕಾಲುಭಾಗವಾದರೂ, ಆರು ತಿಂಗಳಲ್ಲಿ ಅರ್ಧದಷ್ಟಾದರೂ ಇಳಿದಿರಬೇಕು, ವರ್ಷದ ಕೊನೆಗೆ ದಿನಕ್ಕೆ 0.5ರಿಂದ 0.7 ಗ್ರಾಂಗಿಂತ ಕೆಳಗಿರಬೇಕು. ಆರಂಭದಲ್ಲಿಯೇ ಬಹಳ ಸೋರುತ್ತಿದ್ದವರಿಗೆ ಇನ್ನೂ ಆರು ತಿಂಗಳಿನಿಂದ ವರ್ಷ ಹೆಚ್ಚು ಹಿಡಿಯಬಹುದು. ಈ ಗೆರೆ ಮುಟ್ಟದಿದ್ದರೆ ಔಷಧ ಬದಲಿಸುವ ಮೊದಲು ಮಾತ್ರೆ ನಿಜವಾಗಿ ದಿನವೂ ಹೊಟ್ಟೆಗೆ ಹೋಗುತ್ತಿದೆಯೇ ಎಂಬುದನ್ನು ವಿಚಾರಿಸಬೇಕು. ದುಬಾರಿ ಚುಚ್ಚುಮದ್ದಿನ ಮಾತು ಬರುವುದು ಅದರ ನಂತರ.

ಆಮೇಲಿನ ವರ್ಷಗಳು

ರೋಗ ಹತೋಟಿಗೆ ಬಂದ ಮೇಲೆ ಅದನ್ನು ಹಾಗೆಯೇ ಇರಿಸಲು ಮೈಕೋಫೆನೊಲೇಟ್ ಅಥವಾ ಅಜಥಯೋಪ್ರಿನ್, ಎರಡರಲ್ಲಿ ಒಂದು. ಆಲ್ಮ್ಸ್ ಪ್ರಯೋಗದ ಎರಡನೆಯ ಭಾಗದಲ್ಲಿ, ಮೂರು ವರ್ಷಗಳ ಅವಧಿಯಲ್ಲಿ, ಚಿಕಿತ್ಸೆ ವಿಫಲವಾದದ್ದು ಮೈಕೋಫೆನೊಲೇಟ್ ಗುಂಪಿನ ಶೇಕಡಾ 16 ಮಂದಿಯಲ್ಲಿ, ಅಜಥಯೋಪ್ರಿನ್ ಗುಂಪಿನ ಶೇಕಡಾ 32 ಮಂದಿಯಲ್ಲಿ. ಯುರೋಪಿನ 105 ಮಂದಿಯ ಮೇಂಟೇನ್ ಪ್ರಯೋಗದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಸಾಧ್ಯವಿದ್ದಲ್ಲಿ ಮೈಕೋಫೆನೊಲೇಟ್ ಮುಂದುವರಿಸುವುದು, ಒಂದೆರಡು ವರ್ಷದಲ್ಲಿ ಮಗು ಬೇಕೆನ್ನುವವರು ಮತ್ತು ಖರ್ಚು ಭರಿಸಲಾಗದವರು ಅಜಥಯೋಪ್ರಿನ್‌ಗೆ ಹೋಗುವುದು ಯುಕ್ತ. ಅಜಥಯೋಪ್ರಿನ್ ಆರಂಭಿಸಿದ ಮೊದಲ ವಾರಗಳಲ್ಲಿ ಬಿಳಿ ರಕ್ತಕಣಗಳ ಎಣಿಕೆಯನ್ನು ಮತ್ತೆಮತ್ತೆ ನೋಡಬೇಕು, ಏಕೆಂದರೆ ಭಾರತೀಯರಲ್ಲಿ ಕೆಲವರಿಗೆ ಈ ಔಷಧವನ್ನು ಒಡೆಯುವ ಜೀನಿನ ವ್ಯತ್ಯಾಸದಿಂದಾಗಿ ಎಣಿಕೆ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ. ಯೂರಿಕ್ ಆಮ್ಲಕ್ಕೆ ಕೊಡುವ ಅಲೊಪ್ಯುರಿನಾಲ್ ಅಥವಾ ಫೆಬುಕ್ಸೊಸ್ಟಾಟ್ ಇದರ ಜೊತೆಗೂಡಬಾರದು.

ಗುಣವಾಯಿತಲ್ಲ, ನಿಲ್ಲಿಸೋಣ ಎಂಬ ಪ್ರಶ್ನೆಗೆ ಫ್ರಾನ್ಸಿನ ವಿನ್-ಲೂಪಸ್ ಪ್ರಯೋಗ ಉತ್ತರ ಕೊಟ್ಟಿದೆ. ಎರಡು ಮೂರು ವರ್ಷ ಔಷಧ ತೆಗೆದುಕೊಂಡು ಸಂಪೂರ್ಣ ಶಾಂತವಾಗಿದ್ದವರಲ್ಲಿಯೂ ನಿಲ್ಲಿಸಿದ ಗುಂಪಿನ ಶೇಕಡಾ 27 ಮಂದಿಗೆ ಮೂತ್ರಪಿಂಡದ ರೋಗ ಮರುಕಳಿಸಿತು, ಮುಂದುವರಿಸಿದ ಗುಂಪಿನಲ್ಲಿ ಶೇಕಡಾ 12.5 ಮಂದಿಗೆ. ಪ್ರತಿ ಮರುಕಳಿಕೆಯೂ ಸ್ವಲ್ಪ ಕಲೆಯನ್ನು ಬಿಟ್ಟುಹೋಗುತ್ತದೆ, ಕಲೆಯಾದ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಕನಿಷ್ಠ ಮೂರು ವರ್ಷ, ನಂತರ ವೈದ್ಯರ ಕಣ್ಣಳತೆಯಲ್ಲಿ ನಿಧಾನವಾಗಿ ಇಳಿಸುವುದು, ಇದು ಈಗಿನ ಒಮ್ಮತ.

ಎಲ್ಲರೂ ತೆಗೆದುಕೊಳ್ಳಬೇಕಾದ ಔಷಧಗಳು

ಹೈಡ್ರಾಕ್ಸಿಕ್ಲೋರೊಕ್ವಿನ್ ವಿಷಯದಲ್ಲಿ ಆಯ್ಕೆ ಎಂಬುದು ಹೆಚ್ಚುಕಡಿಮೆ ಇಲ್ಲ. ಮರುಕಳಿಕೆಯನ್ನು ಕಡಿಮೆ ಮಾಡುವ, ಗರ್ಭದಲ್ಲಿಯೂ ಮುಂದುವರಿಸಬಹುದಾದ, ಅಗ್ಗದ ಮಾತ್ರೆ ಇದು. ದಿನಕ್ಕೆ ತೂಕದ ಪ್ರತಿ ಕಿಲೋಗೆ ಸುಮಾರು 5 ಮಿಲಿಗ್ರಾಂ. ಸೋಸುವ ಸಾಮರ್ಥ್ಯ 30ಕ್ಕಿಂತ ಇಳಿದರೆ ಪ್ರಮಾಣವನ್ನೂ ಇಳಿಸಬೇಕು. ಕಣ್ಣಿಗೆ ತೊಂದರೆಯಾಗುತ್ತದೆಂದು ಹೆದರಿ ಬಿಡುವವರು ಬಹಳ. ಆರಂಭದಲ್ಲಿ ಒಮ್ಮೆ, ಐದು ವರ್ಷಗಳ ನಂತರ ಪ್ರತಿವರ್ಷ, ಮೂತ್ರಪಿಂಡ ಕೆಟ್ಟಿರುವವರು ಅದಕ್ಕೂ ಮೊದಲಿನಿಂದಲೇ, ಅಕ್ಷಿಪಟಲದ ಪರೀಕ್ಷೆ ಮಾಡಿಸಿಕೊಂಡರೆ ಆ ಹೆದರಿಕೆಗೆ ಕಾರಣ ಉಳಿಯುವುದಿಲ್ಲ.

ಪ್ರೋಟೀನ್ ಸೋರಿಕೆ ಮತ್ತು ಬಿ.ಪಿ. ಎರಡನ್ನೂ ಇಳಿಸಲು ಎನಲಾಪ್ರಿಲ್, ರಾಮಿಪ್ರಿಲ್ ಬಗೆಯವು ಅಥವಾ ಲೊಸಾರ್ಟನ್, ಟೆಲ್ಮಿಸಾರ್ಟನ್ ಬಗೆಯವು ಬಳಕೆಯಲ್ಲಿವೆ. ಮೂತ್ರಪಿಂಡದ ರಕ್ಷಣೆಯಲ್ಲಿ ಎರಡೂ ಸಮ. ಮೊದಲನೆಯದು ಕೆಲವರಿಗೆ ಒಣಕೆಮ್ಮು ತರುತ್ತದೆ, ಆಗ ಎರಡನೆಯದಕ್ಕೆ ಬದಲಾಯಿಸುತ್ತಾರೆ. ಎರಡನ್ನೂ ಒಟ್ಟಿಗೆ ನುಂಗಬಾರದು, ಗರ್ಭಿಣಿಯರು ಯಾವುದನ್ನೂ ನುಂಗಬಾರದು, ವಾಂತಿಭೇದಿಯಾಗಿ ನೀರು ಕಳೆದುಕೊಂಡ ದಿನಗಳಲ್ಲಿ ವೈದ್ಯರನ್ನು ಕೇಳಿ ತಾತ್ಕಾಲಿಕವಾಗಿ ನಿಲ್ಲಿಸಬೇಕು. ಮೂತ್ರಪಿಂಡ ರೋಗದಲ್ಲಿ ಈಗ ಹೆಸರುವಾಸಿಯಾಗಿರುವ ಡಾಪಾಗ್ಲಿಫ್ಲೋಜಿನ್‌ನ ದೊಡ್ಡ ಪ್ರಯೋಗದಿಂದ ಲೂಪಸ್ ನೆಫ್ರೈಟಿಸ್ ಇರುವವರನ್ನು ಹೊರಗಿಟ್ಟಿದ್ದರು; ಉರಿಯೂತ ತಣಿದ ಮೇಲೆ, ಉಳಿದ ಸೋರಿಕೆಗಾಗಿ ಅದನ್ನು ಸೇರಿಸುವ ವೈದ್ಯರಿದ್ದಾರೆ, ಉರಿಯೂತದ ಔಷಧಕ್ಕೆ ಅದು ಬದಲಿಯಲ್ಲ.

ಕೀಲುನೋವಿಗೆ ಔಷಧದ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್‌ಗಳಿಗಿಂತ ಪ್ಯಾರಾಸಿಟಮಾಲ್ ಮೇಲು. ನೆಫ್ರೈಟಿಸ್ ಇರುವವರಿಗೆ ಮೊದಲಿನವು ಬೇಡವೇ ಬೇಡ. ಹೆಸರಿಲ್ಲದ ಪುಡಿ, ಭಸ್ಮಗಳಲ್ಲಿ ಸೀಸ, ಪಾದರಸ ಇರುವ ಸಂಭವವಿದೆ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಕುಡಿಯುವ ಅಮೃತಬಳ್ಳಿಯ ಕಷಾಯವನ್ನು ಲೂಪಸ್ ಇರುವವರು ದೂರವಿಡುವುದು ಒಳ್ಳೆಯದು, ಇಲ್ಲಿ ಆ ಶಕ್ತಿ ಈಗಾಗಲೇ ದಾರಿ ತಪ್ಪಿದೆ. ಅದನ್ನು ಸೇವಿಸಿದವರಲ್ಲಿ ಯಕೃತ್ತಿನ ಉರಿಯೂತವಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಕರಾವಳಿಯವರು ಕೊಲೆಸ್ಟರಾಲ್ ಇಳಿಸಲೆಂದು ಕುಡಿಯುವ ಬಿಂಬುಳಿಯ ರಸದ ಆಕ್ಸಲೇಟ್ ಆರೋಗ್ಯವಂತರ ಮೂತ್ರಪಿಂಡವನ್ನೇ ಕೆಡಿಸಿದ ಉದಾಹರಣೆಗಳು ಕೇರಳದಲ್ಲಿವೆ. ಉಪ್ಪು ದಿನಕ್ಕೆ ಒಂದು ಚಹಾ ಚಮಚ ಮೀರಬಾರದು ಎಂದರೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳೆಲ್ಲ ಆ ಚಮಚದೊಳಗೇ ಬರಬೇಕು. ಸೋಡಿಯಂ ಕಡಿಮೆಯಿರುವ ಬದಲಿ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೇಲೆ ಹೇಳಿದ ಬಿ.ಪಿ. ಮಾತ್ರೆ ನುಂಗುವವರಿಗೆ ಅದು ಸುರಕ್ಷಿತವಲ್ಲ.

ಯಾರ ಬಳಿ, ಎಲ್ಲಿ

ರುಮಟಾಲಜಿಸ್ಟ್ (ಕೀಲುರೋಗ ಮತ್ತು ಲೂಪಸ್‌ನಂತಹ ರೋಗಗಳ ತಜ್ಞರು) ಬೇಕೋ, ನೆಫ್ರಾಲಜಿಸ್ಟ್ (ಮೂತ್ರಪಿಂಡ ತಜ್ಞರು) ಬೇಕೋ ಎಂದರೆ ಇಬ್ಬರೂ ಬೇಕು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡುವಂತಿರಬೇಕು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆ, ಬೆಂಗಳೂರು, ಮಣಿಪಾಲ, ಮೈಸೂರುಗಳ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಬಯಾಪ್ಸಿ ಮತ್ತು ಆರಂಭದ ಚಿಕಿತ್ಸೆಗೆ ತಕ್ಕವು. ಆದರೆ ಪ್ರತಿ ಮೂರು ತಿಂಗಳ ಪರೀಕ್ಷೆಯನ್ನು ಜಿಲ್ಲಾ ಕೇಂದ್ರದಲ್ಲಿಯೇ ಮಾಡಿಸಿ, ವರದಿಯನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುವ ಏರ್ಪಾಡು ಮಾಡಿಕೊಂಡವರೇ ವರ್ಷಗಟ್ಟಲೆ ಚಿಕಿತ್ಸೆಯಲ್ಲಿ ನಿಲ್ಲುತ್ತಾರೆ. ಮೈಕೋಫೆನೊಲೇಟ್‌ನಂತಹ ಮಾತ್ರೆಗಳ ಬೆಲೆ ಕಂಪನಿಯಿಂದ ಕಂಪನಿಗೆ ಬಹಳ ವ್ಯತ್ಯಾಸವಾಗುತ್ತದೆ, ಅಗ್ಗದ್ದು ಬರೆದುಕೊಡಿ ಎಂದು ಕೇಳಲು ಸಂಕೋಚ ಪಡಬೇಕಾಗಿಲ್ಲ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಯಾವುದಕ್ಕೆ ಹಣ ಸಿಗುತ್ತದೆ ಎಂಬುದನ್ನು ದಾಖಲಾಗುವ ಮೊದಲೇ ವಿಚಾರಿಸಬೇಕು, ದಾಖಲಾದ ಮೇಲೆ ರೆಫರಲ್ ಪತ್ರಕ್ಕಾಗಿ ಊರಿಗೆ ಓಡುವುದು ತಪ್ಪುತ್ತದೆ.

ಮಗು ಬೇಕೆನ್ನುವವರು ರೋಗ ಕನಿಷ್ಠ ಆರು ತಿಂಗಳು ಶಾಂತವಾಗಿದ್ದು, ಪ್ರೋಟೀನ್ ಸೋರಿಕೆ ಅರ್ಧ ಗ್ರಾಂಗಿಂತ ಕೆಳಗಿಳಿಯುವವರೆಗೆ ಕಾಯುವುದು ತಾಯಿ ಮಗು ಇಬ್ಬರಿಗೂ ಕ್ಷೇಮ. ಅಲ್ಲಿಯವರೆಗಿನ ಗರ್ಭನಿರೋಧಕ್ಕೆ ಈಸ್ಟ್ರೋಜನ್ ಇರುವ ಮಾತ್ರೆಗಿಂತ ಕಾಪರ್ ಟಿ ಸುರಕ್ಷಿತ, ರಕ್ತ ಹೆಪ್ಪುಗಟ್ಟಿಸುವ ಪ್ರತಿಕಾಯ ಇರುವವರಿಗಂತೂ ಆ ಮಾತ್ರೆ ಸಲ್ಲದು.

ಎಲ್ಲ ಮಾಡಿಯೂ ಕೆಲವರ ಮೂತ್ರಪಿಂಡ ನಿಲ್ಲುತ್ತದೆ. ಆಗಿನ ಆಯ್ಕೆಗಳು ಮೂರು: ಜಿಲ್ಲಾ ಆಸ್ಪತ್ರೆಗಳಲ್ಲಿಯೂ ದೊರೆಯುವ, ವಾರಕ್ಕೆ ಎರಡು ಮೂರು ಸಲ ಯಂತ್ರದಿಂದ ರಕ್ತ ಸೋಸುವ ಹಿಮೋಡಯಾಲಿಸಿಸ್; ಮನೆಯಲ್ಲಿ ಹೊಟ್ಟೆಯ ಮೂಲಕ ಮಾಡಿಕೊಳ್ಳುವ ಡಯಾಲಿಸಿಸ್, ದೂರದ ಊರಿನವರಿಗೆ ಅನುಕೂಲವಾದರೂ ರೋಗನಿರೋಧಕ ಶಕ್ತಿ ತಗ್ಗಿರುವವರಲ್ಲಿ ಸೋಂಕಿನ ಭಯ ಹೆಚ್ಚು; ಮತ್ತು ಕಸಿ. ಲೂಪಸ್ ಇರುವವರಿಗೆ ಕಸಿ ಆಗದು ಎಂಬ ಮಾತು ಸುಳ್ಳು. ರೋಗ ಕೆಲವು ತಿಂಗಳು ಶಾಂತವಾಗಿದ್ದರೆ ಕಸಿಯ ಫಲ ಡಯಾಲಿಸಿಸ್‌ಗಿಂತ ಎಷ್ಟೋ ಮೇಲು, ಹೊಸ ಮೂತ್ರಪಿಂಡದಲ್ಲಿ ಲೂಪಸ್ ಮರಳಿ ಬಂದು ಅದನ್ನು ಕೆಡಿಸುವುದು ವಿರಳ. ಮನೆಯಲ್ಲಿ ದಾನಿ ಇಲ್ಲದವರು ರಾಜ್ಯದ ಅಂಗದಾನ ವ್ಯವಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಯಲ್ಲಿ ಆಸ್ಪತ್ರೆಯ ಮೂಲಕ ಹೆಸರು ಬರೆಸಬೇಕು, ಸರದಿ ದೀರ್ಘವಾದ್ದರಿಂದ ಬೇಗನೆ. ಸೋಸುವ ಸಾಮರ್ಥ್ಯ 30ಕ್ಕಿಂತ ಇಳಿದ ದಿನದಿಂದ ರಕ್ತ ತೆಗೆಯಲು, ಡ್ರಿಪ್ ಹಾಕಲು ಸಾಧ್ಯವಾದಷ್ಟೂ ಅಂಗೈಯ ಹಿಂಬದಿಯ ನಾಳವನ್ನೇ ಬಳಸುವಂತೆ ನರ್ಸ್‌ಗಳಿಗೆ ಹೇಳಬೇಕು. ಮುಂಗೈ ಮತ್ತು ತೋಳಿನ ನಾಳಗಳು ಮುಂದೆ ಡಯಾಲಿಸಿಸ್‌ಗೆ ಫಿಸ್ಟುಲಾ (ಅಪಧಮನಿಗೆ ಅಭಿಧಮನಿಯನ್ನು ಜೋಡಿಸಿ ಮಾಡುವ ದಾರಿ) ಮಾಡಲು ಬೇಕಾಗುತ್ತವೆ.